ತಿಮ್ಮಮ್ಮ ಮೆಂಬರಾದದ್ದು

ತೊಂಬತ್ಮೂರನೇ ಇಸವಿಯ ನವೆಂಬರ್ ಕೊನೆ. ಹುಲ್ಲುಮನೆ ಎಸ್ಟೇಟಿನಲ್ಲಿ ಕಾಫಿ ಕೊಯ್ಲು ಶುರುವಾಗಿ ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿ ದಾಸಯ್ಯನಿಗೆ ಬಂಗಲೆಯಿಂದ ಕರೆ ಬಂತು. ಸಾಹುಕಾರ ಓಂಕಾರಮೂರ್ತಿ ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ದಾಸಯ್ಯ ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೆ ನಿಂತ.

"ಹೊಸ ಪಂಚಾಯ್ತಿ ಎಲೆಕ್ಷನ್ ಬಂತಲ್ಲ ದಾಸಯ್ಯ. ನಮ್ಮ ಕಡೆ ಸೀಟು ನಿಮ್ಮ ಜನದ ಹೆಂಗಸಿಗೆ ಬಿದ್ದಿದೆ."

"ರೈಟ್ರು ಹೇಳಿದ್ರು ಅಯ್ಯ."

"ನಿಮ್ಮಕ್ಕ ತಿಮ್ಮಮ್ಮನ್ನ ನಿಲ್ಲಿಸೋಣ. ಜಗಳ ಗೊತ್ತಿಲ್ಲ, ರಂಪ ಗೊತ್ತಿಲ್ಲ. ಬೇರೆ ಯಾರೂ ಅರ್ಜಿ ಹಾಕೋದು ಬೇಡ. ಅವಿರೋಧ ಆಗ್ಲಿ. ಓಟಿನ ಗಲಾಟೆಯೇ ಬೇಡ."

ದಾಸಯ್ಯ ತಲೆಯಾಡಿಸಿದ. ಸಾಹುಕಾರರು ಪೇಪರ್ ಮಡಚಿಟ್ಟರು.

"ನೀನು ರಿಟೈರಾಗೋದು ಆಗಸ್ಟಿಗಲ್ವ? ಮಗಳ ಹೆಸರು ಮಸ್ಟರಿಗೆ ಹಾಕ್ಸೋಣ. ಮನೆ ನಿಮಗೇ ಇರ್ಲಿ."

ದಾಸಯ್ಯ ಕೈಮುಗಿದ. ಆಳುಗಳ ಸಾಲುಮನೆಗಳಾದ ಲೈನಿನಲ್ಲಿ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಯ ಮೂಲೆ, ಮುಂದೆ ಒಂದು ಮೊಳದ ಜಗಲಿ. ಅದು ಎಸ್ಟೇಟಿನದು. ಕೆಲಸದ ಹಾಜರಿಯ ಮಸ್ಟರ್ ಪುಸ್ತಕದಲ್ಲಿ ಮನೆಯವರ ಹೆಸರಿದ್ದಷ್ಟು ದಿನ ಮಾತ್ರ ವಾಸ. ಹೆಂಡತಿ ರಾಮಮ್ಮನದು ಕೊಯ್ಲಿನ ಕಾಲಕ್ಕಷ್ಟೇ ಬರೆದುಕೊಳ್ಳುವ ಹೆಸರು; ಖಾಯಂ ಇದ್ದದ್ದು ದಾಸಯ್ಯನದೊಂದೇ. ಅವನು ಹುಟ್ಟಿದ್ದು ಆ ಲೈನಿನಲ್ಲಿ. ಅವನ ಅಕ್ಕ ತಿಮ್ಮಮ್ಮ ಗಂಡ ಸತ್ತ ವರ್ಷವೇ ಅಲ್ಲಿಗೆ ವಾಪಸು ಬಂದು, ತಾಯಿಯಿಲ್ಲದ ತಮ್ಮನನ್ನು ಬೆಳೆಸಿ, ಮದುವೆ ಮಾಡಿ, ತನಗೆ ಕೈಲಾಗುವ ತನಕ ಎಸ್ಟೇಟಿನಲ್ಲಿ ದುಡಿದು, ಈಗ ಎಪ್ಪತ್ತೆರಡರ ವಯಸ್ಸಿನಲ್ಲಿ ಮನೆ ನೋಡಿಕೊಂಡಿದ್ದಳು.

ಸಂಜೆ ರಾಮಮ್ಮ ಕೆಂಡದ ಮೇಲೆ ಅಕ್ಕಿರೊಟ್ಟಿ ಉಬ್ಬಿಸುತ್ತಿದ್ದಾಗ ದಾಸಯ್ಯ ವಿಷಯ ತೆಗೆದ. ರಾಮಮ್ಮ ಹಿಂತಿರುಗಿ ನೋಡದೆ ಹೇಳಿದಳು:

"ಅತ್ತಿಗೆ ನಿಲ್ಲೋದು ಬೇಡ. ನಾನು ನಿಲ್ತಿದೀನಿ."

"ಏನಂದೆ?"

"ಕೊಯ್ಲಿನ ಹೆಂಗಸ್ರೆಲ್ಲ ಸೇರಿ ಮಾತಾಡ್ಕಂಡಿದೀವಿ. ಹಳ್ಳದಾಚೆ ಜಾಗ ಸರ್ಕಾರದ್ದು. ಅದ್ರಲ್ಲಿ ಲೈನಿನೋರಿಗೆ ಸೈಟು ಕೇಳ್ಬೇಕು. ಪಂಚಾಯ್ತಿಲಿ ನಮ್ಮೋರೊಬ್ರು ಇದ್ರೆ ತಾನೆ ಕೇಳೋದು?"

"ಯಾರು ಹೇಳಿದ್ದು ಅದು ಸರ್ಕಾರದ್ದು ಅಂತ?"

"ನಾನೇ ತಾಲೂಕಾಫೀಸಲ್ಲಿ ನೋಡ್ಕಂಡು ಬಂದೆ ಅಪ್ಪ," ಎಂದಳು ಮಗಳು ರೇವತಿ. ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ವರ್ಷದಿಂದ ಮನೆಯಲ್ಲಿದ್ದಳು. ಸಂಜೆ ಹೊತ್ತು ಲೈನಿನ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದಳು. "ಸರ್ವೆ ನಂಬರ್ ಬರ್ಕಂಡು ಬಂದಿದೀನಿ. ಎಸ್ಟೇಟಿಂದಲ್ಲ."

"ಸರ್ಕಾರದ್ದೋ ಯಾರದ್ದೋ, ಅಲ್ಲಿರೋ ಕಾಫಿ ಗಿಡ ನೆಟ್ಟಿದ್ದು ನಾನು. ಮೂವತ್ತು ಆಳು ಇಟ್ಕಂಡು ನೆಟ್ಟಿದೀನಿ. ಈಗ ನನ್ನ ಹೆಂಡ್ತಿ ಹೋಗಿ ಕೀಳಿಸ್ತಾಳಂತೆ. ಆಗಸ್ಟಿಗೆ ನಾವು ಎಲ್ಲಿಗೆ ಹೋಗೋದು? ಹೇಳು!"

"ಅದಕ್ಕೇ ಸೈಟು ಕೇಳ್ತಿರೋದು."

"ಸೈಟು ಬರೋ ಹೊತ್ತಿಗೆ ನಾನು ಮಣ್ಣಾಗಿರ್ತೀನಿ. ಮನೆ ಈಗ ಐತೆ!"

ತಿಮ್ಮಮ್ಮ ಮೂಲೆಯಲ್ಲಿ ಕುಳಿತು ಒಣಮೀನು ಸುಡುತ್ತಿದ್ದಳು. "ನನ್ನ ಯಾರೂ ಕೇಳ್ಲೇ ಇಲ್ವಲ್ಲ," ಎಂದಳು.

ಎಲ್ಲರೂ ಅವಳ ಕಡೆ ನೋಡಿದರು.

"ನೀನು ನಿಲ್ತೀಯೇನಕ್ಕ?" ಎಂದ ದಾಸಯ್ಯ.

"ನೀನು ನಿಲ್ಲು ಅಂದ್ರೆ ನಿಲ್ತೀನಿ."

"ನಿಲ್ಲಕ್ಕ."

ರಾಮಮ್ಮ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದ್ದು ಎಸೆದ ಹಾಗಿತ್ತು. ಅವನು ಉಣ್ಣಲಿಲ್ಲ. ಅವನು ಬಿಟ್ಟ ರೊಟ್ಟಿಯನ್ನು ತಿಮ್ಮಮ್ಮ ಬೆಳಿಗ್ಗೆಗೆಂದು ಮುಚ್ಚಿಟ್ಟಳು.

ಅರ್ಜಿ ಹಾಕುವ ದಿನ ತಿಮ್ಮಮ್ಮನನ್ನು ಎಸ್ಟೇಟಿನ ಜೀಪಿನಲ್ಲಿ ಕರೆದೊಯ್ದರು. ರಾಮಮ್ಮ ಕೆಲಸಕ್ಕೆ ರಜೆ ಹಾಕಿ ರೇವತಿಯ ಜೊತೆ ಬಸ್ಸಿಗೆ ಹೋದಳು. ಪಂಚಾಯ್ತಿ ಆಫೀಸಿನ ಮುಂದೆ ಎರಡೂ ಕಡೆಯವರು ಎದುರಾದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯ ಮುಖ ತಿರುಗಿಸಿದ. ತಿಮ್ಮಮ್ಮ ಮಾತ್ರ ಸೆರಗಿನ ಗಂಟು ಬಿಚ್ಚುತ್ತ ನೇರ ರಾಮಮ್ಮನ ಹತ್ತಿರ ಬಂದಳು.

"ಬೆಳಿಗ್ಗೆ ಏನೂ ತಿನ್ನದೆ ಬಂದಿದೀಯ. ತಗ, ಎರಡು ಕಡುಬು ಐತೆ. ಚಟ್ನಿ ಒಳಗೇ ಹಚ್ಚಿದೀನಿ."

"ಅತ್ತಿಗೆ, ನಾನು ನಿಮ್ಮ ಮೇಲೆ ನಿಲ್ತಿದೀನಿ. ಗೊತ್ತಾ?"

"ಗೊತ್ತು ಮಾರಾಯ್ತಿ. ಅದಕ್ಕೆ ಹೊಟ್ಟೆ ಯಾಕೆ ಕಾಯಿಸ್ತೀಯ?"

ಒಳಗೆ ಗುಮಾಸ್ತ ಶಾಯಿಯ ಪ್ಯಾಡು ಮುಂದೆ ತಳ್ಳಿದಾಗ ತಿಮ್ಮಮ್ಮ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ತಾನು ಸೊಸೆಯ ಹಾಗೆ ನೋಡಿಕೊಂಡಿದ್ದ ತಮ್ಮನ ಹೆಂಡತಿಗೆ ಎದುರಾಗಿ ನಿಂತಿದ್ದರೂ, ಹೆಸರು ಬರೆಯುವುದನ್ನು ತಿಮ್ಮಮ್ಮ ಕಲಿತದ್ದು ಅವಳ ಮಗಳ ಹತ್ತಿರವೇ. ಮೂರು ಅಕ್ಷರ ಬರೆಯಲು ಬಹಳ ಹೊತ್ತು ಹಿಡಿಯಿತು. ರೇವತಿ ಕಿಟಕಿಯಾಚೆ ನಿಂತು ತಾನೂ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ತಿಮ್ಮಮ್ಮನಿಗೆ ಛತ್ರಿ ಗುರುತು ಸಿಕ್ಕಿತು, ರಾಮಮ್ಮನಿಗೆ ಏಣಿ.

ಅಂದಿನಿಂದ ದಾಸಯ್ಯ ಹೆಂಡತಿ ಮಾಡಿದ್ದನ್ನು ಮುಟ್ಟಲಿಲ್ಲ. ಅಕ್ಕ ಗಂಜಿ ಕಾಯಿಸಿಕೊಟ್ಟರೆ ಕುಡಿಯುತ್ತಿದ್ದ. ಒಂದೇ ಒಲೆಯ ಮೇಲೆ ಎರಡು ಅಡುಗೆ. ಸೌದೆ ಬೇಗ ಮುಗಿಯುತ್ತಿತ್ತು, ಅದಕ್ಕೂ ಜಗಳ. ಕೊಯ್ಲಿನಲ್ಲಿ ರಾಮಮ್ಮನನ್ನು ಜಾರುವ ಇಳಿಜಾರಿನಲ್ಲಿದ್ದ ತೋಟದ ಪಟ್ಟಿಗೆ ಹಾಕಿದರು. ಅಲ್ಲಿ ಹಣ್ಣು ಕಡಿಮೆ, ಬುಟ್ಟಿ ತುಂಬುವುದಿಲ್ಲ. ಯಾರನ್ನು ಯಾವ ಪಟ್ಟಿಗೆ ಹಾಕಬೇಕೆಂದು ಹೇಳುವವನು ಮೇಸ್ತ್ರಿಯೇ.

"ಇದೂ ಸಾವ್ಕಾರ್ರು ಹೇಳಿದ್ದಾ?" ಎಂದು ರಾಮಮ್ಮ ಎಲ್ಲರೆದುರು ಕೇಳಿದಳು.

"ಕೊಯ್ಯೋದು ಕೊಯ್ಯಿ," ಎಂದ ದಾಸಯ್ಯ. ಆದರೆ ಮಧ್ಯಾಹ್ನ ಅವಳು ಜಾರಿ ಮೊಣಕಾಲು ತರಚಿಕೊಂಡಾಗ ಅವನೇ ಓಡಿ ಬಂದು ಮೂಟೆ ಹೊತ್ತುಕೊಂಡು ಮೇಲೆ ಹತ್ತಿಸಿದ.

ತಿಮ್ಮಮ್ಮನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಲೈನಿಂದ ಲೈನಿಗೆ ಸುತ್ತಿಸಿದರು. ಅವಳು ಎಲ್ಲರಿಗೂ ಕೈಮುಗಿಯುತ್ತಿದ್ದಳು, ಮಾತೆಲ್ಲ ಗುರುವಯ್ಯ ಆಡುತ್ತಿದ್ದ. ಒಂದು ಸಂಜೆ ಅವಳು ಬಂದವಳೇ ಜಗಲಿಯಲ್ಲಿ ಕಾಲು ಚಾಚಿ ಕುಳಿತಳು. ರೇವತಿ ಬೆಲ್ಲದ ಕಾಫಿ ತಂದುಕೊಟ್ಟಳು.

"ರೇವತಿ, ಮೆಂಬರಾದೋರು ಏನು ಮಾಡ್ಬೇಕೆ?"

"ಮೀಟಿಂಗಿಗೆ ಹೋಗ್ಬೇಕು ಅತ್ತೆ. ಜನಕ್ಕೆ ಬೇಕಾದ್ದು ಕೇಳ್ಬೇಕು. ನೀರು, ದಾರಿ, ಮನೆ."

"ಹಳ್ಳದಾಚೆ ಸೈಟು ಕೇಳ್ಬೋದಾ?"

"ಕೇಳ್ಬೋದು. ಅದು ಪುಸ್ತಕದಲ್ಲಿ ಬರೀಬೇಕಾಗ್ತದೆ. ಮೇಲಿನೋರಿಗೆ ಕಳಿಸ್ಬೇಕಾಗ್ತದೆ."

ತಿಮ್ಮಮ್ಮ ಎರಡು ಗುಟುಕು ಕುಡಿದಳು.

"ಹಂಗಾದ್ರೆ ಸಾವ್ಕಾರ್ರು ನನ್ನ ಯಾಕೆ ನಿಲ್ಸಿದ್ರು?"

ಒಳಗೆ ಅಕ್ಕಿ ಆರಿಸುತ್ತಿದ್ದ ರಾಮಮ್ಮ ಉತ್ತರ ಕೊಟ್ಟಳು.

"ನೀವು ಕೇಳಲ್ಲ ಅಂತ, ಅತ್ತಿಗೆ."

ತಿಮ್ಮಮ್ಮ ಲೋಟ ಕೆಳಗಿಟ್ಟಳು. ಆ ಮಾತು ಸುಳ್ಳೆಂದು ಹೇಳಲು ಅವಳಿಗಾಗಲಿಲ್ಲ. ಮರುದಿನ ಅವಳು ಅರ್ಜಿ ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಅದರ ತಾರೀಕು ಮುಗಿದುಹೋಗಿತ್ತು.

ಡಿಸೆಂಬರ್ ಕೊನೆಯ ವಾರ ಶಾಲೆಯಲ್ಲಿ ಓಟು ನಡೆಯಿತು. ಅಷ್ಟು ವರ್ಷ ಲೈನಿನವರನ್ನು ಎಸ್ಟೇಟಿನ ಲಾರಿಯಲ್ಲಿ ತುಂಬಿಸಿಕೊಂಡು ಹೋಗಿ, ಯಾವ ಗುರುತಿಗೆ ಒತ್ತಬೇಕೆಂದು ದಾರಿಯಲ್ಲೇ ಹೇಳಿಬಿಡುತ್ತಿದ್ದರು. ಈ ಸಲವೂ ಲಾರಿ ಬಂದಿತ್ತು. ಹೆಂಗಸರು ಹತ್ತಲಿಲ್ಲ. ತಲೆಗೆ ಎಣ್ಣೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಕಾಲುದಾರಿಯಲ್ಲಿ ನಡೆದರು. ಅವರ ಜೊತೆ ತಿಮ್ಮಮ್ಮನೂ ನಡೆದಳು. ಜೀಪು ಅವಳಿಗಾಗಿ ಕಾಯುತ್ತಿತ್ತು, ಅವಳು ನೋಡಲಿಲ್ಲ.

ಮರದ ಹಲಗೆಯ ಮರೆಯಲ್ಲಿ ನಿಂತು ಅವಳು ಏಣಿಗೆ ಒತ್ತಿದಳು.

ಎಣಿಕೆಯ ದಿನ ಲೈನಿನ ಅರ್ಧ ಜನ ರಸ್ತೆಯಲ್ಲೇ ನಿಂತಿದ್ದರು. ತಿಮ್ಮಮ್ಮ ಒಂಬತ್ತು ಓಟಿನಿಂದ ಗೆದ್ದಳು. ಗುರುವಯ್ಯ ಚೆಂಡುಹೂವಿನ ಹಾರ ತಂದು ಹಾಕಿದ. ಪಟಾಕಿ ಹೊಡೆದರು. ಸಾಹುಕಾರರು ಜೀಪಿನಿಂದ ಇಳಿದು, "ಒಳ್ಳೇದಾಯ್ತು ತಿಮ್ಮಮ್ಮ" ಎಂದರು.

"ನಾನು ರಾಮಿಗೆ ಹಾಕಿದ್ದೆ ಅಯ್ಯ," ಎಂದಳು ತಿಮ್ಮಮ್ಮ.

ಸಾಹುಕಾರರು ನಕ್ಕರು. ಸುತ್ತ ಇದ್ದವರೂ ನಕ್ಕರು. ಮುದುಕಿ ತಮಾಷೆ ಮಾಡುತ್ತಿದ್ದಾಳೆಂದು ಎಲ್ಲರೂ ತಿಳಿದರು. ದಾಸಯ್ಯನೊಬ್ಬ ನಗಲಿಲ್ಲ.

ಮನೆಯಲ್ಲಿ ರಾಮಮ್ಮ ಒಲೆ ಹಚ್ಚಿರಲಿಲ್ಲ. ದಾಸಯ್ಯ ಬಾಗಿಲಲ್ಲೇ ನಿಂತ.

"ನೀವು ಅತ್ತಿಗೆಗೆ ಹಾಕಿದ್ರಿ. ಅದು ಬಿಡಿ," ಎಂದಳು ಅವಳು. "ನಿಮ್ಮ ಕೈಕೆಳಗಿನ ಗಂಡಾಳುಗಳಿಗೆ ಏನು ಹೇಳಿದ್ರಿ?"

"ಅವರೂ ನನ್ನ ಕೇಳಿದ್ರು."

"ಎಷ್ಟು ಜನ?"

"ಹತ್ತು ಹನ್ನೆರಡು ಇರ್ಬೋದು."

ರಾಮಮ್ಮ ಎದ್ದು ಕೊಡ ತೆಗೆದುಕೊಂಡು ನೀರಿಗೆ ಹೋದಳು. ಅವತ್ತು ಅವಳು ಮೂರು ಸಲ ನೀರಿಗೆ ಹೋದಳು. ಹಂಡೆ ತುಂಬಿದ ಮೇಲೂ ಹೋದಳು.

ಪಂಚಾಯ್ತಿಯ ಮೊದಲ ಮೀಟಿಂಗಿನಲ್ಲಿ ಅಧ್ಯಕ್ಷರ ಆಯ್ಕೆ ಮಾತ್ರ ನಡೆಯಿತು. ಎರಡನೆಯದು ಫೆಬ್ರವರಿ ಮೊದಲ ವಾರ. ಹೊರಡುವ ಮುಂಚೆ ತಿಮ್ಮಮ್ಮ ರೇವತಿಯಿಂದ ಒಂದು ಚೀಟಿಯಲ್ಲಿ ಸರ್ವೆ ನಂಬರ್ ಬರೆಸಿಕೊಂಡಳು. ಗುರುವಯ್ಯ ಬಸ್ ಸ್ಟಾಪಿನ ತನಕ ಬಂದು, "ಸುಮ್ನೆ ಕೂತು ಕಾಫಿ ಕುಡ್ದು, ಪುಸ್ತಕದಲ್ಲಿ ಸೈನ್ ಹಾಕಿ ಬಾ ತಿಮ್ಮಮ್ಮ" ಎಂದಿದ್ದ.

ಆಫೀಸಿನಲ್ಲಿ ಗಂಡಸರು ಬೆಂಚಿನ ಮೇಲೆ ಕುಳಿತಿದ್ದರು. ಅವಳು ಗೋಡೆಗೊರಗಿ ನೆಲದ ಮೇಲೆ ಕುಳಿತಳು. ಅಧ್ಯಕ್ಷರು ದಾರಿಯ ವಿಷಯ, ಬೀದಿ ದೀಪದ ವಿಷಯ ಓದಿ, "ಇನ್ನೇನಾದ್ರೂ ಇದೆಯಾ?" ಎಂದರು. ಆಗ ತಿಮ್ಮಮ್ಮ ಎದ್ದು ನಿಂತಳು.

"ಹುಲ್ಲುಮನೆ ಹಳ್ಳದಾಚೆ ಸರ್ಕಾರದ ಜಾಗ ಐತೆ ಸಾಮಿ. ಈ ಚೀಟಿಲಿ ನಂಬರ್ ಐತೆ. ಲೈನಿನಲ್ಲಿ ನಲವತ್ತು ಮನೆಯವ್ರು ನಾವು ಯಾರೂ ನಮ್ಮ ನೆಲದ ಮೇಲೆ ಮಲಗಿಲ್ಲ. ಅಲ್ಲಿ ಸೈಟು ಕೊಡಿ."

ಅಧ್ಯಕ್ಷರು ಕಾರ್ಯದರ್ಶಿಯ ಕಡೆ ನೋಡಿದರು. ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

"ನೋಡೋಣಮ್ಮ, ಕೂತ್ಕೊ," ಎಂದರು ಅಧ್ಯಕ್ಷರು.

"ಬರ್ಕಳಿ ಸಾಮಿ. ಬರ್ಕಂಡ ಮೇಲೆ ಕೂತ್ಕತೀನಿ."

ಅವಳು ನಿಂತೇ ಇದ್ದಳು. ಕೊನೆಗೆ ಬೇರೆ ಊರಿನ ಮೆಂಬರೊಬ್ಬರು, "ಬರೀರಿ ಮಾರಾಯ್ರೆ, ಬರೆಯೋಕೇನು ಕಷ್ಟ" ಎಂದರು. ಕಾರ್ಯದರ್ಶಿ ಬರೆದ.

ಅವತ್ತು ಸಂಜೆ ರಾಮಮ್ಮ ಕೋಳಿ ಕೊಯ್ದಳು. ಮನೆಯಲ್ಲಿ ಎರಡು ತಿಂಗಳ ಮೇಲೆ ಒಂದೇ ಅಡುಗೆ. ಅತ್ತೆ ಹೇಗೆ ನಿಂತಳು, ಹೇಗೆ ಕೇಳಿದಳು ಎಂದು ರೇವತಿ ಮತ್ತೆ ಮತ್ತೆ ಹೇಳಿಸಿಕೊಂಡಳು. ದಾಸಯ್ಯನೂ ಅದೇ ಸಾರಿನಲ್ಲಿ ಉಂಡ. "ಉಪ್ಪು ಸರಿಯಾಗಿದೆ" ಎಂದ. ರಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಸಂತೋಷ ಆರು ದಿನ ಇತ್ತು.

ಏಳನೆಯ ದಿನ ಗುರುವಯ್ಯ ದಾಸಯ್ಯನನ್ನು ಆಫೀಸಿಗೆ ಕರೆದು ಹಳೆಯ ಪುಸ್ತಕವೊಂದನ್ನು ತೋರಿಸಿದ. ಅದರ ಪ್ರಕಾರ ದಾಸಯ್ಯನ ವಯಸ್ಸು ಆಗಲೇ ಮೀರಿತ್ತು. ಯುಗಾದಿಗೆ ಮನೆ ಬಿಡಬೇಕು.

"ಆಗಸ್ಟ್ ಅಂತ ನೀವೇ ಹೇಳಿದ್ರಲ್ಲ ರೈಟ್ರೆ."

"ನಾನು ಹೇಳಿದ್ದೆ. ಪುಸ್ತಕ ಹಿಂಗೆ ಹೇಳ್ತದೆ." ಗುರುವಯ್ಯ ಧ್ವನಿ ತಗ್ಗಿಸಿದ. ಅವನು ಕೆಟ್ಟವನಲ್ಲ, ಅವನ ಮನೆಯೂ ಎಸ್ಟೇಟಿನದೇ. "ನಿಮ್ಮಕ್ಕ ಮೆಂಬರ್ಗಿರಿ ಬಿಟ್ರೆ ಪುಸ್ತಕ ಬೇರೆ ಥರಾನೂ ಹೇಳ್ಬೋದು. ಕಾಗದ ನಾನೇ ಬರ್ಕೊಡ್ತೀನಿ. ಅವರಾಗಿ ಹೋಗಿ ಕೊಡ್ಬೇಕು, ಅಷ್ಟೆ."

ದಾಸಯ್ಯ ಆ ರಾಜೀನಾಮೆ ಕಾಗದವನ್ನು ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟ. ಅಕ್ಕನಿಗೆ ಏನೂ ಹೇಳಲಿಲ್ಲ. ಅವತ್ತು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಮೂರನೆಯ ದಿನ ರೇವತಿ ಕಾಗದ ಕಂಡು ಗಟ್ಟಿಯಾಗಿ ಓದಿದಳು. ಆಗ ದಾಸಯ್ಯ ಯುಗಾದಿಗೆ ಮನೆ ಬಿಡಬೇಕಾದ್ದನ್ನೂ ಹೇಳಿದ.

"ಸೈನ್ ಹಾಕ್ಬೇಡಿ ಅತ್ತಿಗೆ," ಎಂದಳು ರಾಮಮ್ಮ. "ಟಾರ್ಪಾಲ್ ಕಟ್ಕಂಡು ಹಳ್ಳದಾಚೆ ಕೂರೋಣ. ಲೈನಿನೋರೆಲ್ಲ ಬರ್ತಾರೆ."

"ಯಾರು ಬರ್ತಾರೆ?" ಎಂದ ದಾಸಯ್ಯ. "ಹೋಗಿ ಕೇಳು. ಒಬ್ಬೊಬ್ಬರ್ನೇ ಕೇಳು."

ರಾಮಮ್ಮ ಹೋಗಿ ಕೇಳಿದಳು. ಮನೆಯಿಂದ ಮನೆಗೆ ಹೋದಳು. ಓಟಿಗೆ ನಡೆದುಬಂದ ಹೆಂಗಸರು ಒಳಗೆ ಕರೆದು ಕೂರಿಸಿದರು, ಕಾಫಿ ಕೊಟ್ಟರು, ಅತ್ತರು. ಬರುತ್ತೇವೆಂದು ಯಾರೂ ಹೇಳಲಿಲ್ಲ. ಒಬ್ಬಳ ಮಗಳು ಬಾಣಂತಿ. ಒಬ್ಬಳ ಗಂಡನಿಗೆ ಕೆಮ್ಮು. ಎಲ್ಲರ ಮನೆಯೂ ಎಸ್ಟೇಟಿನದು.

ಅವಳು ವಾಪಸು ಬಂದಾಗ ತಿಮ್ಮಮ್ಮ ಜಗಲಿಯಲ್ಲಿ ಕಾಗದ ಹರಡಿಕೊಂಡು ಕುಳಿತಿದ್ದಳು.

"ಅತ್ತಿಗೆ, ಬೇಡ."

"ಇವನು ಮೂರು ದಿನದಿಂದ ಉಂಡಿಲ್ಲ ರಾಮಿ. ಹಾಲು ಬಿಡದ ಕೂಸಿನಿಂದ ಸಾಕಿದೀನಿ ಇವನ್ನ. ನಾನು ಬೇಯಿಸಿಟ್ಟಿದ್ದು ಒಂದು ದಿನವೂ ಬೇಡ ಅಂದೋನಲ್ಲ."

"ಅತ್ತೆ, ನೀನು ಬಿಟ್ರೆ ಅವರು ಬರ್ಕಂಡಿದ್ದೂ ಹೋಗ್ತದೆ," ಎಂದಳು ರೇವತಿ.

"ಹೋಗ್ತದೆ. ನಿನ್ನ ಹೆಸರು ಮಸ್ಟರಿಗೆ ಬಂದ್ರೆ ಮನೆ ಉಳೀತದಲ್ಲ. ನಿಮ್ಮಪ್ಪ ಈ ಮನೇಲೇ ಕಣ್ಣು ಮುಚ್ಲಿ."

ಅವಳು ಸೈನ್ ಹಾಕಿದಳು. ಈ ಸಲ ಬೇಗ ಬರೆದಳು. ಬೆಳಿಗ್ಗೆ ಒಬ್ಬಳೇ ಬಸ್ಸಿಗೆ ಹೋಗಿ ಅಧ್ಯಕ್ಷರ ಕೈಗೆ ಕೊಟ್ಟು ಬಂದಳು. ದಾಸಯ್ಯ ಮಧ್ಯಾಹ್ನ ಉಂಡ. ಉಣ್ಣುತ್ತ ಉಣ್ಣುತ್ತ ತಟ್ಟೆಯ ಮೇಲೆ ಬಗ್ಗಿ ಅತ್ತುಬಿಟ್ಟ. ತಿಮ್ಮಮ್ಮ ಅವನ ಬೆನ್ನು ಸವರುತ್ತ, "ಉಣ್ಣೋ, ಉಣ್ಣು" ಎಂದಳು.

ಸಾಹುಕಾರರು ಮಾತು ತಪ್ಪಲಿಲ್ಲ. ಪುಸ್ತಕ ಮತ್ತೆ ಆಗಸ್ಟ್ ಎಂದು ಹೇಳಿತು. ಯುಗಾದಿಯ ಮರುದಿನ ರೇವತಿಯ ಹೆಸರು ಮಸ್ಟರಿಗೆ ಬಂತು. ದಾಸಯ್ಯ ತಾನೇ ಬಂದು ಹೇಳಿದ:

"ನಾಳೆಯಿಂದ ಏಳೂವರೆಗೆ ಬಾ ಮಗಳೆ. ಸುಲಭದ ಕೆಲಸಕ್ಕೆ ಹಾಕ್ತೀನಿ."

"ನಾನು ಬರಲ್ಲ ಅಪ್ಪ."

"ಏನು ಬರಲ್ಲ?"

"ಮೂಡಿಗೆರೆಲಿ ಹೊಲಿಗೆ ಅಂಗಡೀಲಿ ಕೆಲಸ ಕೇಳಿದೀನಿ. ಸೋಮವಾರದಿಂದ ಬಾ ಅಂದಿದ್ದಾರೆ. ಅಲ್ಲೇ ಇಬ್ರು ಹುಡುಗೀರ ಜೊತೆ ಇರ್ತೀನಿ."

"ನಿನಗೋಸ್ಕರ ತಾನೆ ಅತ್ತೆ ಮೆಂಬರ್ಗಿರಿ ಬಿಟ್ಟಿದ್ದು! ನೀನು ಕೆಲಸಕ್ಕೆ ಹೋಗ್ದಿದ್ರೆ ಈ ಮನೆ—"

"ನಾನು ಬಿಡು ಅಂದಿದ್ನಾ? ಬೇಡ ಅಂತ ಕಾಲು ಹಿಡ್ಕಳ್ಳೋದೊಂದು ಬಾಕಿ ಇತ್ತು. ನನ್ನನ್ನೂ ಆ ಪುಸ್ತಕಕ್ಕೆ ಬರ್ಸಿ, ನಾಳೆ ನನ್ನ ಮಗಳನ್ನೂ ಬರ್ಸೋದಾ? ನಂಗೆ ಈ ಮನೆ ಬೇಡಪ್ಪ."

ದಾಸಯ್ಯ ಕೈಯೆತ್ತಿದ. ರಾಮಮ್ಮ ನಡುವೆ ಬಂದು ನಿಂತಳು. ಮಗಳಿಗೆ ಹೋಗು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ತಿಮ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಲೆಯ ಬೂದಿ ಬಾಚುತ್ತಿದ್ದಳು. ಸೋಮವಾರ ರೇವತಿ ಹೊರಟಾಗ ತಿಮ್ಮಮ್ಮ ಉಪ್ಪಿನಕಾಯಿಯ ಬಾಟಲಿಯನ್ನು ಅವಳ ಬ್ಯಾಗಿನಲ್ಲಿಟ್ಟಳು. ರೇವತಿ ಅಪ್ಪ ಅಮ್ಮನಿಗೆ ಹೇಳಿ ಹೊರಟಳು, ಅತ್ತೆಯ ಕಡೆ ತಿರುಗಲಿಲ್ಲ. ಬಸ್ಸು ಹತ್ತುವ ಮುಂಚೆ ಒಮ್ಮೆ ನಿಂತಳು. ಆದರೆ ಕಂಡಕ್ಟರ್ ಸೀಟಿ ಹೊಡೆದ.

ಮನೆಯಲ್ಲಿ ಉಳಿದವರು ಮೂವರು. ಪಂಚಾಯ್ತಿಯ ಮಾತು ಆ ಮನೆಯಲ್ಲಿ ನಿಂತೇಹೋಯಿತು. ರಾಮಮ್ಮ ಗಂಡನಿಗೆ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಆಗಸ್ಟಿಗೆ ಎಷ್ಟು ತಿಂಗಳು ಉಳಿಯಿತೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಬಂತು. ಹಳ್ಳದಾಚೆಯ ಗಿಡಗಳೂ ಬೆಳ್ಳಗೆ ಹೂಬಿಟ್ಟವು. ದಾಸಯ್ಯ ಅಲ್ಲಿ ಆಳುಗಳ ಹಿಂದೆ ನಿಂತು ಕಳೆ ತೆಗೆಸಿದ.

ಖಾಲಿಯಾದ ಸೀಟಿಗೆ ಮೇ ತಿಂಗಳಲ್ಲಿ ಮತ್ತೆ ಎಲೆಕ್ಷನ್ ಎಂದು ಶಾಲೆಯ ಗೋಡೆಗೆ ಕಾಗದ ಅಂಟಿಸಿದರು. ರಾಮಮ್ಮ ಅರ್ಜಿ ಹಾಕಲಿಲ್ಲ. ದಾಸಯ್ಯ ಕೇಳಿಕೊಂಡಿದ್ದ, ಅವನು ಕೇಳದಿದ್ದರೂ ಅವಳು ಹಾಕುತ್ತಿರಲಿಲ್ಲ. ಕಾಫಿ ಕೊಟ್ಟು ಅತ್ತ ಹೆಂಗಸರ ಮುಖ ಅವಳಿಗೆ ಮರೆತಿರಲಿಲ್ಲ. ಮೇಲಿನ ಲೈನಿನ ಪ್ರೇಮಕುಮಾರಿ ಎಂಬ ಹುಡುಗಿಯಿಂದ ಗುರುವಯ್ಯ ಅರ್ಜಿ ಹಾಕಿಸಿದ. ಬೇರೆ ಯಾರೂ ಹಾಕಲಿಲ್ಲ. ಅಲ್ಲಿಗೆ ಎಲ್ಲ ಮುಗಿಯಿತು. ಆದರೆ ಅದನ್ನು ತಿಮ್ಮಮ್ಮನಿಗೆ ಯಾರೂ ಹೇಳಲಿಲ್ಲ. ಅವಳು ಗೋಡೆಯ ಕಾಗದದಲ್ಲಿ ಅಕ್ಷರ ಕೂಡಿಸಿ ತಾರೀಕನ್ನು ಮಾತ್ರ ಓದಿಕೊಂಡಿದ್ದಳು.

ಆ ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಹೊರಟಳು. ಸೊಪ್ಪಿಗೆ ಹೋಗಿರಬೇಕೆಂದು ರಾಮಮ್ಮ ಅಂದುಕೊಂಡಳು. ಹತ್ತು ಗಂಟೆಯಾದರೂ ಬರದಿದ್ದಾಗ ಹುಡುಕಿಕೊಂಡು ಹೊರಟಳು. ಶಾಲೆಯ ಬಾಗಿಲಿಗೆ ಬೀಗ ಹಾಕಿತ್ತು. ತಿಮ್ಮಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಇಲ್ಲೇನು ಮಾಡ್ತಿದೀರ ಅತ್ತಿಗೆ?"

"ಓಟಿನೋರು ಇನ್ನೂ ಬಂದಿಲ್ಲ ನೋಡು. ಮೊದ್ಲೇ ಬಂದ್ಬಿಟ್ನೇನೋ."

ರಾಮಮ್ಮ ಪಕ್ಕದಲ್ಲಿ ಕುಳಿತಳು.

"ಓಟು ಇಲ್ಲ ಅತ್ತಿಗೆ. ಒಬ್ಳೇ ಅರ್ಜಿ ಹಾಕಿದ್ದು. ಅವಿರೋಧ ಆಯ್ತು."

"ಹಂಗಾದ್ರೆ ನಮ್ಮನ್ನ ಕೇಳಲ್ವಾ?"

"ಕೇಳಲ್ಲ."

ತಿಮ್ಮಮ್ಮ ಅಂಗಳದ ಕಡೆ ನೋಡಿದಳು. ಡಿಸೆಂಬರ್‌ನಲ್ಲಿ ಓಟಿನ ಸಾಲಿಗೆಂದು ನೆಟ್ಟ ಬಿದಿರು ಗಳಗಳನ್ನು ಯಾರೋ ಸೌದೆಗೆ ಕಿತ್ತುಕೊಂಡು ಹೋಗಿದ್ದರು. ಗುಂಡಿಗಳು ಹಾಗೇ ಇದ್ದವು.

"ನೀನು ನಿಂತಿರ್ತೀಯ ಅಂತ ಬಂದೆ ರಾಮಿ," ಎಂದಳು. "ನಂಗೆ ಹೇಳ್ದೆ ಅರ್ಜಿ ಹಾಕಿರ್ತೀಯ ಅಂತ."

ಬಿಸಿಲು ಮೆಟ್ಟಿಲಿನ ಮೇಲೆ ಬರುವ ತನಕ ಇಬ್ಬರೂ ಕುಳಿತಿದ್ದರು. ಆಮೇಲೆ ರಾಮಮ್ಮ ಎದ್ದು ಕೈ ಕೊಟ್ಟಳು. ತಿಮ್ಮಮ್ಮ ಅದನ್ನು ಹಿಡಿದು ನಿಧಾನವಾಗಿ ಎದ್ದಳು.